ಅಪಘಾತದಲ್ಲಿ ಎದೆಯ ದೊಡ್ಡ ರಕ್ತನಾಳ ಹರಿದಿದೆಯೇ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾಗುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಕಾರು ಅಪಘಾತದಲ್ಲಿ ಎದೆಗೆ ಪೆಟ್ಟು ಬಿತ್ತು. ಆಸ್ಪತ್ರೆಗೆ ಸೇರಿಸಿದಾಗ ಚೆನ್ನಾಗಿಯೇ ಮಾತಾಡುತ್ತಿದ್ದ, ಬಿ.ಪಿ. ಕೂಡ ಸರಿಯಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ‘ಎದೆಯ ನಡುಭಾಗ ಅಗಲವಾಗಿ ಕಾಣ್ತಿದೆ’ ಎಂದು ಆಗಲೇ ಡೈ ಹಾಕಿ ಸಿ.ಟಿ. ಮಾಡಿಸಿದರು. ‘ಅಯೋರ್ಟಾದ ಒಳಪದರದಲ್ಲಿ ಸಣ್ಣ ಸೀಳು, ಗ್ರೇಡ್ 1’ ಎಂದು ರಿಪೋರ್ಟ್ ಬಂತು. ಆಪರೇಷನ್ ಬೇಡ ಅಂದರು. ಆದರೆ ಎರಡು ದಿನ ಬಿಟ್ಟು ಮತ್ತೆ ಸಿ.ಟಿ. ಮಾಡಿದರು. ಎಕ್ಸ್‌ರೇ ಒಂದೇ ಸಾಕಾಗುತ್ತಿರಲಿಲ್ಲವೇ? ರೇಡಿಯೇಷನ್ ಇಲ್ಲದ ಎಂ.ಆರ್.ಐ. ಮಾಡಬಹುದಿತ್ತಲ್ಲ? ರಕ್ತನಾಳ ಸೀಳಿದೆ ಅಂದಮೇಲೂ ಸುಮ್ನೆ ಬಿಡುವುದು ಸರಿಯೇ?

ಉತ್ತರ: ಮಾತಾಡುತ್ತಿದ್ದ, ಬಿ.ಪಿ. ಸರಿಯಿತ್ತು ಎಂದು ಬರೆದಿದ್ದೀರಿ. ಅಷ್ಟು ಚೆನ್ನಾಗಿದ್ದವನಿಗೆ ಇಷ್ಟೊಂದು ಸ್ಕ್ಯಾನ್ ಯಾಕೆ ಎಂಬ ಸಂಶಯ ಅಲ್ಲಿಂದಲೇ ಬಂದಿರಬೇಕು. ಆದರೆ ರೇಡಿಯಾಲಜಿ ವಿಭಾಗದಲ್ಲಿ ಕೂತಿರುವ ನನ್ನಂಥವರಿಗೆ ಜಾಸ್ತಿ ದಿಗಿಲು ಹುಟ್ಟಿಸುವವರು ಇಂಥ ರೋಗಿಗಳೇ. ಯಾಕೆ ಅಂತ ಹೇಳುತ್ತೇನೆ.

ಅಯೋರ್ಟಾ ಎಂದರೆ ಹೃದಯದಿಂದ ಹೊರಡುವ ಮಹಾಅಪಧಮನಿ. ಅದರ ಗೋಡೆಗೆ ಮೂರು ಪದರ. ಒಳಗಿನದು ತೆಳ್ಳಗಿನ ಅಸ್ತರಿನ ಹಾಗೆ. ನಡುವಿನದು ದಪ್ಪ, ರಬ್ಬರಿನಂತೆ ಹಿಗ್ಗಿ ಕುಗ್ಗುವಂಥದ್ದು. ಹೊರಗಿನದು ತೆಳುವಾದರೂ ಗಟ್ಟಿ. ಪೆಟ್ಟು ಬಿದ್ದು ಮೂರೂ ಪದರ ಒಟ್ಟಿಗೆ ಹರಿದರೆ ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಪಾರ್ಮ್ಲಿ ಮತ್ತು ಸಂಗಡಿಗರು ಮರಣೋತ್ತರ ಪರೀಕ್ಷೆಗಳನ್ನು ಆಧರಿಸಿ 1958ರಲ್ಲಿ ಒಂದು ವರದಿ ಬರೆದರು. ಇವತ್ತಿಗೂ ಈ ವಿಷಯ ಬಂದಾಗ ಅದರ ಹೆಸರು ಬರುತ್ತದೆ. ಪೆಟ್ಟಿನಿಂದ ಅಯೋರ್ಟಾ ಹರಿದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದರು. ಉಳಿದವರು ಬದುಕಿ ಆಸ್ಪತ್ರೆಗೆ ಬರುವುದು ಹೊರಪದರದ ಪುಣ್ಯದಿಂದ. ಒಳಗೆ ಹರಿದಿರುತ್ತದೆ, ಹೊರಗಿನದು ತಡೆದು ಹಿಡಿದಿರುತ್ತದೆ. ರೋಗಿ ಮಾತಾಡುತ್ತಾನೆ, ನೀರು ಕೇಳುತ್ತಾನೆ, ನಾಡಿಯೂ ಸರಿಯಾಗಿರುತ್ತದೆ. ಹೊರಪದರ ಎಷ್ಟು ಹೊತ್ತು ತಡೆಯುತ್ತದೆ ಅಂತ ಮಾತ್ರ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ.

ಈ ಗಾಯ ಕಾರು ಬರುವುದಕ್ಕಿಂತ ಎಷ್ಟೋ ಹಳೆಯದು ಅನ್ನಿ. ಶರೀರರಚನಾ ಶಾಸ್ತ್ರದ ವೆಸೇಲಿಯಸ್ 1557ರಲ್ಲೇ ಕುದುರೆಯಿಂದ ಬಿದ್ದವನೊಬ್ಬನಲ್ಲಿ ಇದನ್ನು ವಿವರಿಸಿದ್ದ. ಕುದುರೆಯಾಗಲಿ ಕಾರಾಗಲಿ, ಕಾರಣ ಒಂದೇ: ವೇಗವಾಗಿ ಹೋಗುತ್ತಿದ್ದ ದೇಹ ಗಕ್ಕನೆ ನಿಲ್ಲುವುದು.

ಗಕ್ಕನೆ ನಿಂತಾಗ ಅಯೋರ್ಟಾದ ಎಲ್ಲ ಭಾಗಕ್ಕೂ ಒಂದೇ ರೀತಿ ಏಟು ಬೀಳುವುದಿಲ್ಲ. ಹೃದಯ ಮತ್ತು ಅಯೋರ್ಟಾದ ಕಮಾನು ಸ್ವಲ್ಪ ಅಲ್ಲಾಡಬಲ್ಲವು. ಅಲ್ಲಿಂದ ಕೆಳಗಿಳಿಯುವ ಭಾಗ ಬೆನ್ನುಮೂಳೆಗೆ ಒತ್ತಿಕೊಂಡು ಬಿಗಿಯಾಗಿ ಕೂತಿದೆ. ಇವೆರಡೂ ಸೇರುವ ಜಾಗಕ್ಕೆ ಇಸ್ತ್ಮಸ್ ಎನ್ನುತ್ತೇವೆ. ಎಡಗೈಗೆ ರಕ್ತ ಒಯ್ಯುವ ಕೊಂಬೆ ಕವಲೊಡೆದ ಮೇಲೆ ಸಿಗುವ ಒಂದೆರಡು ಸೆಂಟಿಮೀಟರ್ ಅದು. ಜೀವಂತ ಆಸ್ಪತ್ರೆಗೆ ಬಂದವರಲ್ಲಿ ಬಹುಪಾಲು, ಹತ್ತರಲ್ಲಿ ಸುಮಾರು ಒಂಬತ್ತು ಗಾಯ, ಇಲ್ಲೇ ಇರುತ್ತವೆ. ಎಳೆತ ಒಂದೇ ಕಾರಣ ಅಂತಲ್ಲ. ಎದೆಮೂಳೆ ಹಿಂದಕ್ಕೆ ಒತ್ತಿ, ಅದಕ್ಕೂ ಬೆನ್ನುಮೂಳೆಗೂ ನಡುವೆ ಅಯೋರ್ಟಾ ಚಿವುಟಿದ ಹಾಗೆ ಆಗುತ್ತದೆ ಎಂದು ಹೇಳುವವರಿದ್ದಾರೆ. ಒಳಗಿನ ರಕ್ತದ ಒತ್ತಡ ಒಮ್ಮೆಲೇ ಏರಿ ಗೋಡೆ ಬಿರಿಯುತ್ತದೆ ಎನ್ನುವವರೂ ಇದ್ದಾರೆ. ಎಲ್ಲವೂ ಸೇರಿಯೇ ಆಗುತ್ತದೆ ಎಂದು ನನ್ನ ಅನಿಸಿಕೆ.

ಈಗ ನಿಮ್ಮ ಮೊದಲ ಪ್ರಶ್ನೆ, ಎಕ್ಸ್‌ರೇ. ಅಪಘಾತದ ರೋಗಿಯನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಯಲು ಆಗುವುದಿಲ್ಲ. ಮಲಗಿದ್ದಲ್ಲೇ ಬೆನ್ನ ಕೆಳಗೆ ಪ್ಲೇಟ್ ಇಟ್ಟು, ಮೇಲಿನಿಂದ ಕಿರಣ ಬಿಡುತ್ತಾರೆ. ದೀಪದ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನೆರಳು ನೋಡಿದ್ದೀರಲ್ಲ? ಕೈ ಗೋಡೆಯಿಂದ ದೂರ ಇದ್ದಷ್ಟೂ ನೆರಳು ದೊಡ್ಡದು. ಹೃದಯ ಮತ್ತು ದೊಡ್ಡ ರಕ್ತನಾಳಗಳು ಎದೆಯ ಮುಂಭಾಗದಲ್ಲಿ, ಪ್ಲೇಟಿನಿಂದ ದೂರ ಇರುತ್ತವೆ. ಹಾಗಾಗಿ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎದೆಯ ನಡುಭಾಗ, ಅಂದರೆ ಮೀಡಿಯಾಸ್ಟೈನಮ್, ಏನೂ ಆಗದಿದ್ದರೂ ಅಗಲವಾಗಿಯೇ ಕಾಣುತ್ತದೆ. ರೋಗಿ ಉಸಿರು ಪೂರ್ತಿ ಎಳೆದುಕೊಳ್ಳದಿದ್ದರೆ ಇನ್ನೂ ಅಗಲ. ಆದ್ದರಿಂದ ಅಯೋರ್ಟಾದ ಕಮಾನಿನ ಮಟ್ಟದಲ್ಲಿ 8 ಸೆಂಟಿಮೀಟರ್ ದಾಟಿದರೆ, ಅಥವಾ ಎದೆಯ ಒಟ್ಟು ಅಗಲದ ಕಾಲು ಭಾಗಕ್ಕಿಂತ ಹೆಚ್ಚಾದರೆ ಅನುಮಾನ ಪಡುವುದು ಎಂದು ಒಂದು ಲೆಕ್ಕ ಇಟ್ಟುಕೊಂಡಿದ್ದೇವೆ.

ಆದರೆ ನಾನು ಅಳತೆಪಟ್ಟಿಯನ್ನು ಅಷ್ಟು ನಂಬುವವನಲ್ಲ. ಅಂಚು ನೋಡುತ್ತೇನೆ. ಎಡಗಡೆ ಅಯೋರ್ಟಾದ ಕಮಾನು ಒಂದು ದುಂಡನೆಯ ಗುಬುಟಿನಂತೆ ಕಾಣಬೇಕು. ಆ ಗುಬುಟಿನ ಗೆರೆ ಮಸುಕಾಗಿದ್ದರೆ ಅದರ ಸುತ್ತ ಏನೋ ತುಂಬಿಕೊಂಡಿದೆ ಎಂದರ್ಥ. ಶ್ವಾಸನಾಳ ಬಲಕ್ಕೆ ಸರಿದಿದೆಯೇ ನೋಡುತ್ತೇನೆ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿದ್ದರೆ ಅದೂ ಬಲಕ್ಕೆ ತಳ್ಳಿಸಿಕೊಂಡಿದೆಯೇ ನೋಡುತ್ತೇನೆ. ಅನ್ನನಾಳ ಅಯೋರ್ಟಾದ ಪಕ್ಕದಲ್ಲೇ ಇರುವುದರಿಂದ ಆ ಟ್ಯೂಬ್ ಒಳ್ಳೆಯ ಸಾಕ್ಷಿ. ಎಡ ಶ್ವಾಸಕೋಶದ ತುದಿಯಲ್ಲಿ ಟೋಪಿ ಇಟ್ಟಂತೆ ಬಿಳಿ ನೆರಳು, ಎಡಗಡೆಯ ಮುಖ್ಯ ಶ್ವಾಸನಾಳ ಕೆಳಕ್ಕೆ ಬಾಗಿರುವುದು, ಎಡ ಎದೆಯೊಳಗೆ ರಕ್ತ ತುಂಬಿರುವುದು ಕೂಡ ಸುಳಿವುಗಳೇ.

ಇಷ್ಟೆಲ್ಲ ಇದ್ದರೂ ಎಕ್ಸ್‌ರೇಯಲ್ಲಿ ಅಯೋರ್ಟಾದ ಸೀಳು ಕಾಣುವುದಿಲ್ಲ, ಅಕ್ಕಪಕ್ಕದ ರಕ್ತದ ನೆರಳಷ್ಟೇ ಕಾಣುತ್ತದೆ. ಆ ರಕ್ತ ಅಯೋರ್ಟಾದ್ದೇ ಆಗಬೇಕೆಂದೂ ಇಲ್ಲ. ಮೀಡಿಯಾಸ್ಟೈನಮ್ ಅಗಲವಾದ ಬಹುಪಾಲು ರೋಗಿಗಳಲ್ಲಿ ಅಯೋರ್ಟಾ ಸರಿಯಾಗಿಯೇ ಇರುತ್ತದೆ. ಸಣ್ಣ ಅಭಿಧಮನಿಗಳಿಂದಲೋ, ಮುರಿದ ಎದೆಮೂಳೆ ಇಲ್ಲವೇ ಬೆನ್ನುಮೂಳೆಯಿಂದಲೋ ರಕ್ತ ಜಿನುಗಿರುತ್ತದೆ. ತಿರುಗಿಸಿ ಹೇಳಿದರೆ, ಎಕ್ಸ್‌ರೇ ಪೂರ್ತಿ ನಾರ್ಮಲ್ ಇದ್ದು ಒಳಗೆ ಅಯೋರ್ಟಾ ಹರಿದಿರುವ ರೋಗಿಗಳೂ ಇದ್ದಾರೆ. ನಿಮ್ಮ ತಮ್ಮನದು ಒಳಪದರದ ಸಣ್ಣ ಸೀಳು. ಅಂಥದರಲ್ಲಿ ರಕ್ತ ಹೊರಗೆ ಬರುವುದೇ ಇಲ್ಲ. ಎಕ್ಸ್‌ರೇಯಲ್ಲಿ ಕಂಡ ಅಗಲ ಬಹುಶಃ ಬೇರೆ ಕಾರಣದ್ದು, ಅಥವಾ ಮಲಗಿಸಿ ತೆಗೆದದ್ದರ ಪರಿಣಾಮ. ಆ ಡಾಕ್ಟರು ‘ಸ್ವಲ್ಪ ಅಗಲ ತಾನೇ’ ಎಂದು ಬಿಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಪೆಟ್ಟು ಜೋರಾಗಿದ್ದರೆ, ಎಕ್ಸ್‌ರೇ ಚೆನ್ನಾಗಿದ್ದರೂ ಸಿ.ಟಿ. ಮಾಡುವುದು ಈಗಿನ ರೂಢಿ.

ಸಿ.ಟಿ.ಯಲ್ಲಿ ನೆರಳಿನ ಆಟ ಇಲ್ಲ. ದೇಹವನ್ನು ಒಂದು ಮಿಲಿಮೀಟರ್ ಆಸುಪಾಸಿನ ಪದರುಗಳಾಗಿ ಕತ್ತರಿಸಿ ನೋಡಿದ ಹಾಗೆ. ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. 1971ರಲ್ಲಿ ಮೊದಲ ರೋಗಿಯ ಸ್ಕ್ಯಾನ್ ಮಾಡಿದ ಹೌನ್ಸ್‌ಫೀಲ್ಡ್ ಹೆಸರಿನ ಅಳತೆ ಅದು. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಹತ್ತಿರ, ಹೆಪ್ಪುಗಟ್ಟಿದ ಹೊಸ ರಕ್ತಕ್ಕೆ 60–70. ಡೈ ತುಂಬಿದ ಅಯೋರ್ಟಾ 250–300ಕ್ಕೂ ಮೇಲೆ ಹೋಗಿ ಬೆಳ್ಳಗೆ ಹೊಳೆಯುತ್ತದೆ. ಈ ಸಂಖ್ಯೆಗಳ ಅಂತರವೇ ನಮ್ಮ ಕಣ್ಣು.

ಡೈ ಹಾಕದಿದ್ದರೆ ಅಯೋರ್ಟಾದೊಳಗಿನ ರಕ್ತ, ಗೋಡೆ, ಸೀಳು ಎಲ್ಲ ಒಂದೇ ಬೂದು ಬಣ್ಣ. ಡೈ ಹಾಕುವುದರಲ್ಲೂ ಕೈಚಳಕ ಇದೆ. ಸೆಕೆಂಡಿಗೆ 4–5 ಮಿಲಿಲೀಟರ್ ವೇಗದಲ್ಲಿ ಯಂತ್ರವೇ ಒತ್ತುತ್ತದೆ. ಅದಕ್ಕೆ ದಪ್ಪ ಸೂಜಿ ಬೇಕು. ಸಾಧ್ಯವಾದರೆ ಬಲಗೈಗೇ ಹಾಕುತ್ತೇವೆ. ಎಡಗೈಗೆ ಹಾಕಿದರೆ ಗಾಢವಾದ ಡೈ ಅಯೋರ್ಟಾದ ಕೊಂಬೆಗಳ ಎದುರಿನಿಂದಲೇ ಅಡ್ಡಲಾಗಿ ಹಾದುಹೋಗಿ ಚಿತ್ರದಲ್ಲಿ ಗೀರುಗಳು ಬೀಳುತ್ತವೆ, ಸರಿಯಾಗಿ ನೋಡಬೇಕಾದ ಜಾಗವೇ ಹಾಳು. ಡೈ ಅಯೋರ್ಟಾ ಮುಟ್ಟಿದ್ದನ್ನು ಯಂತ್ರ ತಾನೇ ಗಮನಿಸುತ್ತಾ ಇದ್ದು, ಹೊಳಪು ಒಂದು ಮಟ್ಟ ದಾಟಿದ ಕೂಡಲೇ ಸ್ಕ್ಯಾನ್ ಶುರು ಮಾಡುತ್ತದೆ. ಸ್ಕ್ಯಾನ್ ಕೆಲವೇ ಸೆಕೆಂಡಿನದು.

ಚಿತ್ರ ಪರದೆಯ ಮೇಲೆ ಬಂದಮೇಲೆ ನಾನು ಮೊದಲು ಹೋಗುವುದು ಇಸ್ತ್ಮಸ್‌ಗೆ. ಅಯೋರ್ಟಾ ಸುತ್ತ ರಕ್ತ ಇದ್ದರೆ, ಅದು ಗೋಡೆಗೆ ಅಂಟಿಕೊಂಡಿದೆಯೋ ಅಥವಾ ನಡುವೆ ಕೊಬ್ಬಿನ ಕಪ್ಪು ಗೆರೆ ಉಳಿದಿದೆಯೋ ನೋಡುತ್ತೇನೆ. ಕಪ್ಪು ಗೆರೆ ಸುತ್ತಲೂ ಹಾಗೇ ಇದ್ದರೆ ಆ ರಕ್ತ ಬಹುತೇಕ ಬೇರೆಲ್ಲಿಂದಲೋ ಬಂದದ್ದು. ಗೆರೆ ಅಳಿಸಿಹೋಗಿದ್ದರೆ ಅಯೋರ್ಟಾವನ್ನು ಇಂಚಿಂಚಾಗಿ ನೋಡಬೇಕು. ಒಳಗೆ ತೇಲುವ ಎಳೆಯಂಥ ಪದರ ಇದೆಯೇ? ಗೋಡೆ ಒಂದು ಕಡೆ ದಪ್ಪಗಾಗಿದೆಯೇ? ಎಲ್ಲಾದರೂ ಬುಗ್ಗೆಯಂತೆ ಉಬ್ಬಿದೆಯೇ? ಸೈಕಲ್ ಟಯರಿನಲ್ಲಿ ಸೀಳು ಬಿದ್ದಾಗ ಒಳಗಿನ ಟ್ಯೂಬ್ ಅಲ್ಲಿಂದ ಹೊರಕ್ಕೆ ಉಬ್ಬುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಇಲ್ಲಿ ಒಳಗಿನ ಎರಡು ಪದರ ಹರಿದು, ಹೊರಪದರ ಒಂದೇ ರಕ್ತವನ್ನು ತಡೆದು ಹಾಗೆ ಉಬ್ಬಿರುತ್ತದೆ. ಇದಕ್ಕೆ ಸ್ಯೂಡೋಅನ್ಯೂರಿಸಮ್ ಎಂದು ಹೆಸರು. ಎಂದಾದರೂ ಒಡೆಯಬಹುದಾದದ್ದು ಅದು.

ಇಲ್ಲೊಂದು ಮೋಸದ ಜಾಗವಿದೆ. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ಅಯೋರ್ಟಾಕ್ಕೂ ಶ್ವಾಸಕೋಶದ ರಕ್ತನಾಳಕ್ಕೂ ನಡುವೆ ಒಂದು ಸಂಪರ್ಕ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿ ನಾರಿನಂತಾಗುತ್ತದೆ. ಕೆಲವರಲ್ಲಿ ಅದರ ಬುಡದಲ್ಲಿ ಅಯೋರ್ಟಾ ಸ್ವಲ್ಪ ಉಬ್ಬಿಕೊಂಡೇ ಉಳಿಯುತ್ತದೆ. ಆ ಉಬ್ಬು ಇರುವುದೂ ಇಸ್ತ್ಮಸ್‌ನಲ್ಲೇ! ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ನಾನೇ ಅಂಥ ಉಬ್ಬನ್ನು ಸೀಳು ಎಂದು ಓದಿ ಸರ್ಜನ್‌ರನ್ನು ಎಬ್ಬಿಸಿಬಿಟ್ಟಿದ್ದೆ. ನನ್ನ ಹಿರಿಯರು ಬಂದು ಏನೂ ಬೈಯದೆ ಚಿತ್ರವನ್ನು ಪಕ್ಕಕ್ಕೆ ತಿರುಗಿಸಿ ತೋರಿಸಿದರು. ಹುಟ್ಟಿನಿಂದ ಇರುವ ಉಬ್ಬಿನ ಏರಿಳಿತ ನಯವಾಗಿರುತ್ತದೆ, ದಿಬ್ಬ ಹತ್ತಿ ಇಳಿದ ಹಾಗೆ. ಅದರ ಸುತ್ತ ರಕ್ತ ಇರುವುದಿಲ್ಲ, ಒಳಗೆ ಎಳೆ ತೇಲುವುದಿಲ್ಲ. ಸೀಳಿನ ಉಬ್ಬಿಗೆ ಅಂಚು ಚೂಪು, ಗೋಡೆಯ ಜೊತೆ ಮೊನಚಾದ ಕೋನ. ಅವತ್ತಿನಿಂದ ನಾನು ಅಡ್ಡ ಚಿತ್ರ ಒಂದನ್ನೇ ನೋಡಿ ಇಸ್ತ್ಮಸ್ ಬಗ್ಗೆ ಬಾಯಿ ಬಿಡುವುದಿಲ್ಲ.

ಹೃದಯದ ಹತ್ತಿರದ ಭಾಗದಲ್ಲಿ ಮೋಸ ಬೇರೆ ಥರ. ಪ್ರತಿ ಬಡಿತಕ್ಕೂ ಅಲ್ಲಿ ಅಯೋರ್ಟಾ ಅಲುಗುತ್ತದೆ. ಓಡುತ್ತಿರುವವರ ಫೋಟೋ ತೆಗೆದಂತೆ ಗೋಡೆ ಎರಡೆರಡಾಗಿ ಕಂಡು, ಸೀಳಿರುವ ಹಾಗೇ ಅನಿಸುತ್ತದೆ. ಅನುಮಾನ ಬಂದರೆ ಇ.ಸಿ.ಜಿ.ಗೆ ಜೋಡಿಸಿ ಸ್ಕ್ಯಾನ್ ಮಾಡುತ್ತೇವೆ. ಹೃದಯ ಆದಷ್ಟು ಕಡಿಮೆ ಅಲುಗುವ ಕ್ಷಣದ ಚಿತ್ರ ಸಿಗುತ್ತದೆ, ಸುಳ್ಳು ಸೀಳು ಮಾಯವಾಗುತ್ತದೆ.

ಇನ್ನು ಕೊಂಬೆಗಳು. ಕಮಾನಿನಿಂದ ಮೇಲಕ್ಕೆ ಮೂರು ದೊಡ್ಡ ನಾಳಗಳು ಹೊರಡುತ್ತವೆ. ಬಲಗೈ ಮತ್ತು ಬಲ ಕತ್ತಿಗೆ ಒಂದು, ಎಡ ಕತ್ತಿಗೆ ಒಂದು, ಎಡಗೈಗೆ ಒಂದು. ಗುದ್ದಿದ ಪೆಟ್ಟಿನಲ್ಲಿ ಇಸ್ತ್ಮಸ್ ಬಿಟ್ಟರೆ ಹೆಚ್ಚು ಗಾಯವಾಗುವುದು ಮೊದಲನೆಯದಕ್ಕೆ, ಅದೂ ಅದರ ಬುಡದಲ್ಲಿ. ಕಾಲರ್ ಬೋನ್ ಅಥವಾ ಮೊದಲ ಪಕ್ಕೆಲುಬು ಮುರಿದು ಒಂದು ಕೈಯ ನಾಡಿ ಕ್ಷೀಣವಾಗಿದ್ದರೆ ಆ ಕೈಯ ನಾಳವನ್ನು ಹುಡುಕಿ ನೋಡುತ್ತೇವೆ. ನಾಡಿ ಸಿಕ್ಕಿತು ಎಂದ ಮಾತ್ರಕ್ಕೆ ನಾಳ ಸರಿಯಿದೆ ಎಂದಲ್ಲ, ಬೇರೆ ದಾರಿಯಿಂದಲೂ ರಕ್ತ ಬಂದಿರಬಹುದು. ಚಾಕು ಇಲ್ಲವೇ ಗುಂಡಿನ ಗಾಯವಾದರೆ ಲೆಕ್ಕಾಚಾರವೇ ಬೇರೆ. ಅಲ್ಲಿ ಇಸ್ತ್ಮಸ್ ಎಂಬ ವಿಶೇಷ ಜಾಗ ಇಲ್ಲ, ಗಾಯ ಹೋದ ದಾರಿಯಲ್ಲಿ ಸಿಕ್ಕಿದ್ದೆಲ್ಲವನ್ನೂ ನೋಡಬೇಕು.

ಎಂ.ಆರ್.ಐ. ಬಗ್ಗೆ ಕೇಳಿದಿರಿ. ಅಯೋರ್ಟಾ ಅದರಲ್ಲೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊತ್ತು ಜಾಸ್ತಿ ಬೇಕು. ಅಷ್ಟು ಹೊತ್ತು ರೋಗಿ ಸುರಂಗದಂಥ ಯಂತ್ರದೊಳಗೆ ಇರಬೇಕು, ಸುತ್ತ ಆಯಸ್ಕಾಂತ ಬೇರೆ. ಮಾಮೂಲಿ ವೆಂಟಿಲೇಟರ್, ಪಂಪ್ ಒಳಗೆ ಒಯ್ಯುವಂತಿಲ್ಲ. ಎಷ್ಟು ಕಡೆ ಪೆಟ್ಟಾಗಿದೆಯೋ ಗೊತ್ತಿಲ್ಲದ ರೋಗಿಗೆ ನಡುವೆ ಬಿ.ಪಿ. ಬಿದ್ದರೆ ಕೈ ಹಾಕುವುದೇ ಕಷ್ಟ. ಸಿ.ಟಿ. ಅದೇ ಹೊತ್ತಿನಲ್ಲಿ ತಲೆ, ಕತ್ತು, ಎದೆ, ಹೊಟ್ಟೆ ಎಲ್ಲವನ್ನೂ ಮುಗಿಸುತ್ತದೆ. ಎಂ.ಆರ್.ಐ. ನಿಜವಾಗಿ ಉಪಯೋಗಕ್ಕೆ ಬರುವುದು ಮುಂದೆ, ನಿಮ್ಮ ತಮ್ಮನಂಥ ಚಿಕ್ಕ ವಯಸ್ಸಿನವರನ್ನು ಆಗಾಗ ನೋಡಬೇಕಾದಾಗ.

ಒಂದು ಕಾಲದಲ್ಲಿ ಕೊನೆಯ ಮಾತು ಆಂಜಿಯೋಗ್ರಾಮ್‌ನದಾಗಿತ್ತು. ತೊಡೆಯ ನಾಳದಿಂದ ತಂತಿ ತೂರಿಸಿ, ಅಯೋರ್ಟಾದಲ್ಲಿ ಡೈ ಬಿಟ್ಟು ಎಕ್ಸ್‌ರೇ ತೆಗೆಯುವುದು. ಅದರಲ್ಲಿ ಕಾಣುವುದು ಡೈ ಹರಿದ ಜಾಗ ಮಾತ್ರ, ಗೋಡೆ ಕಾಣುವುದಿಲ್ಲ. ಗೋಡೆಯೊಳಗೇ ರಕ್ತ ತುಂಬಿದ್ದರೆ ತಪ್ಪಿಹೋಗಬಹುದು. ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘದ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟರೆ ಕಾಲ ಬದಲಾದದ್ದು ಕಾಣುತ್ತದೆ. 1997ರದ್ದರಲ್ಲಿ ಆಂಜಿಯೋಗ್ರಾಮ್ ನೂರಕ್ಕೆ 87 ಮಂದಿಗೆ ಆಗಿತ್ತು, ಸಿ.ಟಿ. 35 ಮಂದಿಗೆ. 2008ರ ಹೊತ್ತಿಗೆ ಸಿ.ಟಿ. 93ಕ್ಕೆ ಏರಿ, ಆಂಜಿಯೋಗ್ರಾಮ್ 8ಕ್ಕೆ ಇಳಿದಿತ್ತು. ಈಗ ತಂತಿ ತೂರಿಸುವುದು ಹೆಚ್ಚಾಗಿ ರಿಪೇರಿಗೆ. ಅನ್ನನಾಳದೊಳಗೆ ಟ್ಯೂಬ್ ಇಳಿಸಿ, ಶಬ್ದದ ಅಲೆಗಳಿಂದ ಅಯೋರ್ಟಾ ನೋಡುವ ಎಕೋ ಕೂಡ ಒಂದಿದೆ. ಆಪರೇಷನ್ ಟೇಬಲ್ ಬಿಟ್ಟು ಅಲುಗಿಸಲಾಗದ ರೋಗಿಗೆ ಅದು ವರ. ಆದರೆ ಶ್ವಾಸನಾಳದ ಗಾಳಿ ಅಡ್ಡ ಬಂದು ಕಮಾನಿನ ಒಂದು ಭಾಗ ಅದಕ್ಕೆ ಕಾಣುವುದಿಲ್ಲ. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಟ್ಯೂಬ್ ತೂರಿಸುವುದೂ ಅಪಾಯ.

ಸೀಳು ಇದ್ದೂ ಬಿಟ್ಟಿದ್ದು ಸರಿಯೇ ಎಂಬುದು ನಿಮ್ಮ ದೊಡ್ಡ ಆತಂಕ. ಸರಿ. ಅಮೆರಿಕದ ರಕ್ತನಾಳ ಸರ್ಜನ್‌ಗಳ ಸಂಘ 2011ರಲ್ಲಿ ಕೊಟ್ಟ ಸಲಹೆಗಳಲ್ಲಿ ಗಾಯವನ್ನು ನಾಲ್ಕು ಗ್ರೇಡ್ ಮಾಡಲಾಗಿದೆ. ಒಳಪದರ ಮಾತ್ರ ಸೀಳಿದ್ದರೆ 1. ಗೋಡೆಯೊಳಗೆ ರಕ್ತ ತುಂಬಿದ್ದರೆ 2. ಸ್ಯೂಡೋಅನ್ಯೂರಿಸಮ್ ಆದರೆ 3. ಪೂರ್ತಿ ಒಡೆದು ರಕ್ತ ಹೊರಗೆ ಹರಿಯುತ್ತಿದ್ದರೆ 4. ಮೂರು ಮತ್ತು ನಾಲ್ಕಕ್ಕೆ ರಿಪೇರಿ ಬೇಕೇ ಬೇಕು. ಈಗ ಅದು ಹೆಚ್ಚಾಗಿ ಎದೆ ತೆರೆಯದೆ, ತೊಡೆಯ ನಾಳದಿಂದ ಸ್ಟೆಂಟ್ ಗ್ರಾಫ್ಟ್, ಅಂದರೆ ಬಟ್ಟೆ ಹೊದಿಸಿದ ಲೋಹದ ಜಾಲರಿಯ ಕೊಳವೆ, ಹಾಕಿ ಆಗುತ್ತದೆ. ಎರಡನೇ ಗ್ರೇಡಿಗೂ ರಿಪೇರಿ ಎಂದೇ ಆ ಸಲಹೆ ಇತ್ತು. ಈಚೆಗೆ ಹಲವರು ಕಾದು ನೋಡುತ್ತಾರೆ. ಒಂದನೇ ಗ್ರೇಡಿನವು ಬಹುಪಾಲು ತಾವಾಗಿಯೇ ಮಾಯುತ್ತವೆ, ಇಲ್ಲವೇ ಹಾಗೇ ಇದ್ದುಬಿಡುತ್ತವೆ. ಅಷ್ಟು ಸಣ್ಣದಕ್ಕೆ 28 ವರ್ಷದವನ ಅಯೋರ್ಟಾದಲ್ಲಿ ಜೀವನಪೂರ್ತಿ ಲೋಹದ ಕೊಳವೆ ಇಡುವುದು ನನಗಂತೂ ಒಪ್ಪಿಗೆಯಿಲ್ಲ.

ಬಿಟ್ಟರು ಅಂದರೆ ಸುಮ್ನೆ ಬಿಟ್ಟಿಲ್ಲ. ನಾಡಿ ನಿಧಾನ ಮಾಡುವ, ಬಿ.ಪಿ. ಏರದಂತೆ ನೋಡಿಕೊಳ್ಳುವ ಔಷಧಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ನಾಡಿ 100ರ ಒಳಗೆ, ಮೇಲಿನ ಬಿ.ಪಿ. 100ರಿಂದ 120ರ ಆಸುಪಾಸು. ಪ್ರತಿ ಬಡಿತ ಗೋಡೆಗೆ ಕೊಡುವ ಏಟು ಕಡಿಮೆಯಾಗಲಿ ಎಂದು. ತಲೆಗೂ ಪೆಟ್ಟಾಗಿದ್ದರೆ ಇದು ಹಗ್ಗದ ಮೇಲಿನ ನಡಿಗೆ, ಯಾಕೆಂದರೆ ಮೆದುಳಿಗೆ ರಕ್ತ ಹೋಗಲು ಬಿ.ಪಿ. ಬೇಕು.

ಎರಡನೇ ಸಿ.ಟಿ. ಆಗಿದ್ದೂ ಇದೇ ಕಾರಣಕ್ಕೆ. ಆಪರೇಷನ್ ಬೇಡ ಎಂಬ ತೀರ್ಮಾನ ನಿಂತಿರುವುದು ಸೀಳು ಬೆಳೆಯುತ್ತಿಲ್ಲ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಗೆ ಸಾಕ್ಷಿ ಬೇಕಲ್ವಾ? ಬೆಳೆಯುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ ಬೆಳೆಯುತ್ತದೆ. ಎದೆಯ ಸಿ.ಟಿ.ಗೆ ಸುಮಾರು 5ರಿಂದ 7 ಮಿಲಿಸೀವರ್ಟ್ ರೇಡಿಯೇಷನ್ ಬೀಳುತ್ತದೆ. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಅಂದರೆ ಒಂದು ಸ್ಕ್ಯಾನ್ ಎರಡು ಮೂರು ವರ್ಷದ ಸಹಜ ರೇಡಿಯೇಷನ್‌ಗೆ ಸಮ. ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಅಲ್ಲ. ಆದರೆ ಬೆಳೆಯುತ್ತಿರುವ ಸೀಳನ್ನು ನೋಡದೆ ಇರುವುದಕ್ಕೆ ಹೋಲಿಸಿದರೆ ನಾನು ಎರಡನೇ ಯೋಚನೆ ಮಾಡದೆ ಸ್ಕ್ಯಾನ್ ಎನ್ನುತ್ತೇನೆ.

ಮುಂದಿನ ಭೇಟಿಗೆ ಹೋಗುವಾಗ ಎರಡು ಸಂಗತಿ ಕೇಳಿ. ಎರಡನೇ ಸ್ಕ್ಯಾನ್‌ನಲ್ಲಿ ಸೀಳು ಎಷ್ಟು ಮಿಲಿಮೀಟರ್ ಇತ್ತು, ಮೊದಲಿನದಕ್ಕಿಂತ ಹೆಚ್ಚೋ ಕಡಿಮೆಯೋ? ಮುಂದಿನ ತಪಾಸಣೆಯನ್ನು ಎಂ.ಆರ್.ಐ.ಯಲ್ಲಿ ಮಾಡಲು ಆಗುತ್ತದೆಯೇ? ಅಷ್ಟರಲ್ಲಿ ಅವನಿಗೆ ಎದೆ ಅಥವಾ ಬೆನ್ನಿನಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ, ತಲೆಸುತ್ತಿ ಬಿದ್ದರೆ, ಕೈಕಾಲಿನ ಶಕ್ತಿ ಕುಂದಿದರೆ ಅಪಾಯಿಂಟ್‌ಮೆಂಟ್ ದಿನದವರೆಗೆ ಕಾಯಬೇಡಿ, ತಕ್ಷಣ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಆಸ್ಪತ್ರೆಯಿಂದ ಎರಡೂ ಸ್ಕ್ಯಾನಿನ ಸಿ.ಡಿ. ಕೇಳಿ ತೆಗೆದಿಟ್ಟುಕೊಳ್ಳಿ. ರಿಪೋರ್ಟಿನ ಹಾಳೆ ಒಂದನ್ನೇ ಇಟ್ಟುಕೊಂಡು ಹೊಸ ಚಿತ್ರವನ್ನು ಹಳೆಯದರ ಜೊತೆ ಹೋಲಿಸುವುದು ಯಾವ ರೇಡಿಯಾಲಜಿಸ್ಟ್‌ಗೂ ಆಗದ ಕೆಲಸ.